ಪೆರುವಿಗೆ ಕಳಿಸಿದ ಶನಿವಾರದ ಉಪವಾಸ

ಪೆರುವಿನ ಹಳ್ಳಿಯ ಮುದುಕಿಯೊಬ್ಬಳು ಫೋನಿನಲ್ಲಿ ಬಾಲವಿಲ್ಲದ ಹೆಗ್ಗಣದಂಥ ಪ್ರಾಣಿಯನ್ನು ಎತ್ತಿ ತೋರಿಸಿ ನಕ್ಕಳು. ಮುದ್ದಿಗೆ ಸಾಕಿದ್ದಾಳೆಂದು ಇತ್ತ ಮಾಲ್ಟನ್ ಊರಿನ ನಮ್ಮ ಮನೆಯಲ್ಲಿ ಕೂತಿದ್ದ ನಾನೂ ನಕ್ಕೆ. ಸ್ವಯಂಸೇವೆಗೆ ಹೋಗಿ ಆ ಕ್ವೆಚುವಾ ಮಾತಿನವರ ಮನೆಯಲ್ಲಿದ್ದ ನನ್ನ ಮೊಮ್ಮಗಳು ಮಾತ್ರ ಅಳುವಂತಿದ್ದಳು.

"ಅಜ್ಜಿ, ಅದು ಪೆಟ್ ಅಲ್ಲ, ನಂಗೆ ಇವತ್ತಿನ ಊಟ! ಬೇಡ ಅಂದ್ರೆ ತುಂಬ ಹರ್ಟ್ ಆಗ್ತಾರೆ."

ನಮ್ಮ ಹುಡುಗಿ ಮೊಟ್ಟೆಯನ್ನೂ ಮುಟ್ಟಿದವಳಲ್ಲ.

"ಶನಿವಾರ, ದೇವರ ಉಪವಾಸ ಅನ್ನೇ. ಆಲೂಗಡ್ಡೆ ಸಾಕು ಅನ್ನು."

ಅವಳು ಹಾಗೇ ಹೇಳಿದಳು. ನಾನೂ ಆಕಾಶ ತೋರಿಸಿ ಕೈಮುಗಿದೆ. ಮುದುಕಿ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡು ಪ್ರಾಣಿಯನ್ನು ಕೆಳಗೆ ಬಿಟ್ಟಳು.

ಎಂಥ ಭಕ್ತಿಯ ಹುಡುಗಿ ಎಂದು ಉಳಿದ ಆರು ವಾರವೂ ಬರೀ ಬೇಯಿಸಿದ ಆಲೂಗಡ್ಡೆಯನ್ನೇ ಹಾಕಿದಳಂತೆ. ಈಗ ನಾನು ಮಸಾಲೆ ದೋಸೆ ಕೊಟ್ಟರೆ, ಮೊಮ್ಮಗಳು ಪಲ್ಯವನ್ನೆಲ್ಲ ಕೆರೆದು ನನ್ನ ತಟ್ಟೆಗೆ ಹಾಕುತ್ತಾಳೆ.