ಹಳದಿ ದಾರ ಕಟ್ಟಿದ ಸೀರೆಗಳು

ಸಾವಕಾರ್ರ ಬಲಗೈಯ ಹೆಬ್ಬೆರಳು, ತೋರುಬೆರಳು ಎರಡೂ ಸದಾ ಹಳದಿ. ಮೊದಲ ಸಲ ನೋಡಿದಾಗ ಏನೋ ಕಾಯಿಲೆ ಇರಬೇಕೆಂದುಕೊಂಡು ನಾನು ನಮಸ್ಕಾರವನ್ನೂ ದೂರದಿಂದಲೇ ಮಾಡಿದ್ದೆ. ಅದು ಬರೀ ಅರಿಶಿನ ಎಂದು ಆಮೇಲೆ ಗೊತ್ತಾಯಿತು. ಲಿಂಗಸುಗೂರಿನ ಹಳೇ ಪೇಟೆಯಲ್ಲಿ ಅವರದು ಇಳಕಲ್ ಸೀರೆಗಳ ಅಂಗಡಿ. ಯಾರಾದರೂ ಹೆಂಗಸು ಒಂದು ಸೀರೆ ಮೆಚ್ಚಿ, "ತೆಗೆದಿಡ್ರಿ, ಮತ್ತ ಬರ್ತೀನಿ" ಎಂದರೆ ಸಾಕು, ಸಾವಕಾರ್ರು ಅರಿಶಿನದಲ್ಲಿ ಅದ್ದಿದ ನೂಲಿನಿಂದ ಆ ಸೀರೆಗೆ ಗಂಟು ಹಾಕಿ ಒಳಖೋಲಿಯಲ್ಲಿ ಇಡುತ್ತಿದ್ದರು. ಆ ಗಂಟನ್ನು ಕಟ್ಟಿಸಿದವರೇ ಬಂದು ಬಿಚ್ಚಬೇಕು. ಬೇಡವಾದರೂ ಬಂದು ಬಿಚ್ಚಿ ಹೋಗಬೇಕು. ಅಲ್ಲಿಯ ತನಕ ಸಾವಕಾರ್ರ ಸ್ವಂತ ತಂಗಿ ಕೇಳಿದರೂ ಆ ಸೀರೆ ಸಿಗುತ್ತಿರಲಿಲ್ಲ.

ಅಂಗಡಿಯ ಮೇಲಿನ ಕೋಣೆಯಲ್ಲಿ ನಾನು ಕಂಪ್ಯೂಟರ್ ಕಲಿಸುತ್ತಿದ್ದೆ. ದಿನಾ ಬೆಳಿಗ್ಗೆ ಮೆಟ್ಟಿಲ ಬುಡದಲ್ಲೇ ಅವರ ಕುಚೋದ್ಯ ಶುರು. "ಏನವ್ವಾ, ನಿನ್ನ ಡಬ್ಬಿ ಇವತ್ತರ ಮಾತಾಡಾಕತ್ತೈತೇನು?" ನನಗೆ ಸಿಟ್ಟು ಬರುತ್ತಿತ್ತು. ಆದರೆ ಮಧ್ಯಾಹ್ನ ಅವರ ಹೆಂಡತಿಯ ಕೈಲಿ ಮಜ್ಜಿಗೆ ಕಳಿಸುತ್ತಿದ್ದವರೂ ಅವರೇ ಆದ್ದರಿಂದ ಸಿಟ್ಟು ಹೆಚ್ಚು ಹೊತ್ತು ನಿಲ್ಲುತ್ತಿರಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತ ಬಂದಂತೆ ಆ ಕುಚೋದ್ಯ ಕಡಿಮೆಯಾಯಿತು. ಗೊರೇಬಾಳದ ಕಡೆಯ ಗದ್ದೆಯವರೆಲ್ಲ ಸಿಂಧನೂರಿನ ಗಾಜಿನ ಬಾಗಿಲಿನ ಅಂಗಡಿಗಳಿಗೆ ಹೋಗತೊಡಗಿದ್ದರು. ಹಟ್ಟಿಯ ಗಣಿ ಕೆಲಸದವರ ಹೆಂಡಂದಿರಿಗೆ ನೈಲಾನ್ ಹಗುರ, ತೊಳೆಯಲು ಸುಲಭ. ಒಂದು ದಿನ ಸಾವಕಾರ್ರು ತಾವೇ ಮೆಟ್ಟಿಲು ಹತ್ತಿ ಬಂದು ನನ್ನ ಎದುರು ಕುಳಿತರು.

"ಊರಾಗಿನ ಗಿರಾಕಿ ತಿರುಗಿದ್ರವ್ವ. ಇನ್ನ ಈ ಅಂಗಡಿ ಉಳೀಬೇಕಂದ್ರ ಹೊರಗಿನವರು ಬರಬೇಕು. ತಂತಿ ಮ್ಯಾಲ ಅಂಗಡಿ ಇಡಾಕ ಬರ್ತದಂತಲ್ಲ?"

ಅವರು ಹೇಳುತ್ತಿದ್ದುದು ಇಂಟರ್ನೆಟ್ಟಿನ ಅಂಗಡಿ. ಬರುತ್ತದೆ ಎಂದೆ. ಹೈದರಾಬಾದಿನಿಂದ ಒಬ್ಬ ಏಜೆಂಟ್ ಅಂಥ ಅಂಗಡಿ ನಡೆಸುವ ತಂತ್ರಾಂಶದ ಎರಡು ಸಿ.ಡಿ. ಹಿಡಿದು ಬಂದ. ಎರಡರಲ್ಲೂ ಗಿರಾಕಿ ಸೀರೆಯ ಚಿತ್ರ ನೋಡಿ, ಮೆಚ್ಚಿದ್ದನ್ನು ಪರದೆಯ ಮೇಲಿನ ಬುಟ್ಟಿಗೆ ಹಾಕಬೇಕು, ಮನಿಯಾರ್ಡರ್ ಕಳಿಸಬೇಕು. ವ್ಯತ್ಯಾಸ ಒಂದೇ. ಮೊದಲನೆಯದರಲ್ಲಿ ಸೀರೆ ಯಾರ ಬುಟ್ಟಿಯಲ್ಲಿದ್ದರೂ ಮೊದಲು ಹಣ ಕಳಿಸಿದವರದು. ಎರಡನೆಯದರಲ್ಲಿ ಒಬ್ಬರ ಬುಟ್ಟಿಗೆ ಬಿದ್ದ ಸೀರೆ, ಅವರು ತೆಗೆದುಹಾಕುವವರೆಗೂ ಬೇರೆಯವರಿಗೆ ಕಾಣುವುದಿಲ್ಲ. ಇದನ್ನು ತೋರಿಸಲೆಂದು ನಾನು ಅಂಗಡಿಯದೇ ಒಂದು ಬದನೆ ಬಣ್ಣದ ಸೀರೆಯ ಚಿತ್ರ ಏರಿಸಿ ಬುಟ್ಟಿಗೆ ಹಾಕಿದೆ. ಅದು ಪರದೆಯಿಂದ ಮಾಯವಾಯಿತು.

"ಪಸಂದ ಬಿತ್ತೇನು?" ಎಂದರು ಸಾವಕಾರ್ರು. ನಾನು ನಕ್ಕೆ.

ಮೊದಲನೆಯದನ್ನೇ ತಗೊಳ್ಳಿ ಎಂದು ನಾನೂ ಹೇಳಿದೆ, ಏಜೆಂಟನೂ ಹೇಳಿದ. ಅವರು ಒಲ್ಲೆನೆಂದು ತಲೆಯಾಡಿಸಿದರು. "ಒಬ್ಬಾಕಿ ತೆಗೆದಿಟ್ಟಿದ್ದನ್ನ ಇನ್ನೊಬ್ಬಾಕಿಗೆ ಕೊಡೋ ಅಂಗಡಿ ನಂದಲ್ಲ. ತಂತಿ ಮ್ಯಾಲಿದ್ರೂ ಅದು ನನ್ನ ಅಂಗಡೀನ." ಎರಡನೆಯ ಸಿ.ಡಿ.ಯನ್ನೇ ಇಟ್ಟುಕೊಂಡು ಮೊದಲನೆಯದನ್ನು ವಾಪಸು ಕಳಿಸಿದರು.

ತಂತಿಯ ಮೇಲಿನ ಅಂಗಡಿ ತೆರೆದ ಮೊದಲ ವಾರವೇ ಬುಟ್ಟಿಗಳು ತುಂಬತೊಡಗಿದವು. ಪುಣೆಯಿಂದ ಒಬ್ಬರು, ನಾಗಪುರದಿಂದ ಒಬ್ಬರು, ಹೆಸರೇ ಕೇಳದ ಊರುಗಳಿಂದ ಯಾರಾರೋ. ಸಂಜೆ ನಾನು ಕೆಳಗಿಳಿದು ಬಂದು ಹೇಳುತ್ತಿದ್ದೆ, ಅವರು ಸೀರೆಯನ್ನು ಹುಡುಕಿ ತೆಗೆದು, ದಾರ ಕಟ್ಟಿ, ಊರಿನ ಹೆಸರಿನ ಚೀಟಿ ಸಿಕ್ಕಿಸಿ ಒಳಗೆ ಇಡುತ್ತಿದ್ದರು. ಖುಷಿಯಿಂದಲೇ ಇಡುತ್ತಿದ್ದರು. ಮನಿಯಾರ್ಡರ್ ಮಾತ್ರ ಒಂದೂ ಬರಲಿಲ್ಲ. ಬುಟ್ಟಿಗೆ ಹಾಕಿದವರು ಮತ್ತೆ ಈ ಕಡೆ ತಲೆಹಾಕಲಿಲ್ಲ.

"ಅವರು ಸುಮ್ನ ನೋಡಾಕ ಹಾಕ್ಯಾರ್ರೀ. ನನ್ನ ಕಂಪ್ಯೂಟರಿನಿಂದ ಎಲ್ಲ ಬುಟ್ಟಿ ಖಾಲಿ ಮಾಡಾಕ ಬರ್ತದ. ಮಾಡಲೇನ್ರೀ?" ಎಂದು ಕೇಳಿದೆ.

"ತೆಗೆದಿಡ್ರಿ ಅಂತ ಸುಮ್ನ ಯಾರು ಹೇಳ್ತಾರವ್ವ? ಏನೋ ಅಡಚಣಿ ಆಗಿರತೈತಿ. ಬರ್ತಾರ. ಆ ಗುಂಡಿ ಒತ್ತೀಯಂದ್ರ ನನ್ನ ಮಾರಿ ನೋಡಬ್ಯಾಡ."

ಕಪಾಟುಗಳು ಒಂದೊಂದಾಗಿ ಬರಿದಾದವು. ಒಳಖೋಲಿ ತುಂಬಿ ಬಾಗಿಲ ತನಕ ಬಂತು. ಅರಿಶಿನದ ಆ ಒಣ ವಾಸನೆ ಮೊದಲು ನನಗೆ ಮದುವೆಮನೆಯ ನೆನಪು ತರುತ್ತಿತ್ತು. ಈಗ ಮೆಟ್ಟಿಲು ಇಳಿಯುವಾಗ ಅದು ಮೂಗಿಗೆ ಬಡಿದರೆ ಎದೆ ಭಾರವಾಗುತ್ತಿತ್ತು. ಅವರ ಹೆಂಡತಿ ಆ ಖೋಲಿಯಲ್ಲಿ ಕಸ ಹೊಡೆಯುವುದನ್ನೇ ಬಿಟ್ಟರು. "ಒಳಗ ಹೋದ್ರ ಯಾರ್ಯಾರೋ ಕುಂತಂಗ ಆಗ್ತದವ್ವ. ಮಾತಾಡಂಗಿಲ್ಲ, ಎದ್ದೂ ಹೋಗಂಗಿಲ್ಲ," ಎಂದು ನನ್ನ ಹತ್ತಿರ ಮೆಲ್ಲಗೆ ಹೇಳಿದರು. ನಾನು ಏನೋ ಹಾರಿಕೆಯ ಮಾತಾಡಿ ಮೇಲೆ ಹೋದೆ. ನನಗೂ ಹಾಗೆಯೇ ಅನಿಸುತ್ತಿತ್ತು.

ಆಮೇಲೆ ಪಾಮನಕಲ್ಲೂರಿನ ಒಬ್ಬ ಹೆಂಗಸು ಬಂದಳು. ತನ್ನ ಹಿರಿಯ ಹೆಣ್ಣುಮಕ್ಕಳಿಬ್ಬರಿಗೂ ಧಾರೆ ಸೀರೆಯನ್ನು ಇದೇ ಅಂಗಡಿಯಿಂದ ಒಯ್ದವಳು, ಈಗ ಕಿರಿಯವಳ ಮದುವೆ. ಕಪಾಟಿನಲ್ಲಿ ಉಳಿದಿದ್ದ ಮಾಸಲು ಬಣ್ಣಗಳನ್ನೆಲ್ಲ ಬದಿಗೆ ಸರಿಸಿದಳು. ಒಳಖೋಲಿಯ ಬಾಗಿಲಲ್ಲಿ ಅಕ್ಕಂದಿರ ಸೀರೆಯಂಥದೇ ಕುಂಕುಮ ಬಣ್ಣದ ಒಂದು ಸೀರೆ ಅವಳ ಕಣ್ಣಿಗೆ ಬಿತ್ತು. ಅದಕ್ಕೆ ಪುಣೆಯ ಚೀಟಿ ಇತ್ತು.

"ಅದ ಕೊಡ್ರಿ."

"ಅದು ಕಟ್ಟಿದ್ದು ಬೇ. ಬ್ಯಾರೇದು ನೋಡು."

"ಯಾರು ಕಟ್ಟಿಸ್ಯಾರ? ಯಾವಾಗ ಬರ್ತಾರ?"

ಸಾವಕಾರ್ರು ಮೆಟ್ಟಿಲ ಹತ್ತಿರ ನಿಂತಿದ್ದ ನನ್ನನ್ನು ನೋಡಿದರು. ಕೊಟ್ಟುಬಿಡ್ರಿ ಎಂದೆ. ಅವರು ಎದ್ದು ಹೋಗಿ ಸೀರೆಯನ್ನು ಕೈಗೆ ತೆಗೆದುಕೊಂಡರು, ಗಂಟಿನ ಮೇಲೆ ಬೆರಳು ಇಟ್ಟರು. ಕೊನೆಗೆ ಸೀರೆಯನ್ನು ಇದ್ದಲ್ಲೇ ಇಟ್ಟರು.

"ಎದುರಿಗೆ ನಿಂತಾಕಿಗೆ ಇಲ್ಲ ಅಂದ್ರಿ," ಎಂದಳು ಆಕೆ, ಸಿಟ್ಟಿಲ್ಲದೆ. "ಮಾರಿ ಕಾಣದವರ ಸಲುವಾಗಿ." ಚಪ್ಪಲಿ ಮೆಟ್ಟಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ಹೋದಳು.

ಆ ಮಾತು ಮಸ್ಕಿಯ ಸಂತೆಯಲ್ಲಿ ಹಬ್ಬಿ ಸಿಂಧನೂರಿಗೂ ಹೋಯಿತು. ಆ ಅಂಗಡಿಯಲ್ಲಿ ಸೀರೆ ಇಟ್ಟುಕೊಂಡು ಇಲ್ಲ ಅನ್ನುತ್ತಾರೆ ಎಂದು ಜನ ಆಡಿಕೊಂಡರು. ಆ ಮದುವೆಯ ಹಂಗಾಮಿನಲ್ಲಿ ಅಂಗಡಿಯ ಮುಂದೆ ಯಾರೂ ಚಪ್ಪಲಿ ಬಿಡಲಿಲ್ಲ. ಬಿಲ್ ಕಟ್ಟಲಾಗದೆ ಫೋನಿನ ಸಂಪರ್ಕ ಕಡಿದುಹೋಯಿತು, ತಂತಿಯ ಮೇಲಿನ ಅಂಗಡಿಯೂ ಅದರೊಂದಿಗೆ ಹೋಯಿತು. ಬುಟ್ಟಿಗಳೆಲ್ಲ ಅಳಿಸಿಹೋದವು ಎಂದು ನಾನು ಹೇಳಿದಾಗ, "ಅಲ್ಲಿ ಹೋದ್ರೇನಾತು, ಇಲ್ಲಿ ಅದಾವ," ಎಂದು ಸಾವಕಾರ್ರು ಒಳಖೋಲಿಯನ್ನು ತೋರಿಸಿದರು. ನನಗೆ ಅವರ ಮೇಲೆ ವಿಪರೀತ ಸಿಟ್ಟು ಬಂತು. ಅಷ್ಟೇ ಅಕ್ಕರೆಯೂ ಬಂತು.

ಒಂದು ಬೇಸಿಗೆಯ ಬೆಳಿಗ್ಗೆ ಗಾದಿಯ ಮೇಲೆ ಕುಳಿತಲ್ಲೇ ಅವರು ತೀರಿಕೊಂಡರು. ಬೆರಳುಗಳ ಹಳದಿ ಮಾಸಿ ತಿಂಗಳುಗಳಾಗಿದ್ದವು. ಕಟ್ಟಲು ಏನೂ ಉಳಿದಿರಲಿಲ್ಲ.

ದಿನಕರ್ಮಗಳು ಮುಗಿದ ಮೇಲೆ ಅವರ ಹೆಂಡತಿ ನನ್ನನ್ನು ಕೆಳಗೆ ಕರೆದರು. ಇಳಕಲ್ಲಿನ ಒಬ್ಬ ವ್ಯಾಪಾರಿ ಇದ್ದುದನ್ನೆಲ್ಲ ಒಯ್ಯಲು ಬಂದು, ದಾರ ಬಿಚ್ಚಲು ಆಕೆ ಒಪ್ಪದ್ದರಿಂದ ಹಿಂದಿರುಗಿ ಹೋಗಿದ್ದ. "ಅವರಿಲ್ಲಂತ ಬಿಚ್ಚಾಕ ಬರ್ತದೇನು? ಕಟ್ಟಿಸಿದವರು ಬಂದ್ರ ನಾ ಏನ್ ಹೇಳಲಿ?" ಎನ್ನುತ್ತ ಖೋಲಿಯ ಮೂಲೆಯಿಂದ, ಎಲ್ಲದರ ಅಡಿಯಿಂದ, ಒಂದು ಸೀರೆ ಎಳೆದು ನನ್ನ ಮುಂದಿಟ್ಟರು. ಬದನೆ ಬಣ್ಣದ್ದು. ಅದರ ಚೀಟಿಯಲ್ಲಿ ಊರಿನ ಹೆಸರಿರಲಿಲ್ಲ, 'ಮ್ಯಾಲಿನಾಕಿ' ಎಂದಷ್ಟೇ ಇತ್ತು. ಏಜೆಂಟ್ ಬಂದ ದಿನ ತೋರಿಸಲೆಂದು ನಾನು ಬುಟ್ಟಿಗೆ ಹಾಕಿದ್ದನ್ನೂ ಸಾವಕಾರ್ರು ಕಟ್ಟಿ ಇಟ್ಟಿದ್ದರು.

"ನಿಂದು ನೀನ ಬಿಚ್ಚವ್ವ," ಎಂದರು.

ಬಿಚ್ಚಿದೆ. ನನ್ನ ಬೆರಳಿಗೂ ಹಳದಿ ಹತ್ತಿತು. ಆ ಖೋಲಿಯಿಂದ ಹೊರಗೆ ಬಂದ ಸೀರೆ ಅದೊಂದೇ. ಈಗಲೂ ನನ್ನ ಹತ್ತಿರ ಇದೆ. ಅಷ್ಟು ನಂಬಿ ನನಗಾಗಿ ಬೇರೆ ಯಾರೂ ಏನನ್ನೂ ಎತ್ತಿಟ್ಟಿಲ್ಲ.

ನಾನು ಹೊರಡುವಾಗ ಆಕೆ ಖೋಲಿಗೆ ಬೀಗ ಹಾಕಿ, ಬೀಗದ ಮೇಲೆ ಕೈ ಇಟ್ಟುಕೊಂಡೇ ನಿಂತಿದ್ದರು.

"ನೀ ಬಂದಿ," ಎಂದರು. "ಉಳಿದವರು ಯಾವಾಗ ಬರ್ತಾರ?"