ತೊಂಬತ್ತಾರು ಮೂಗುಗಳ ಲುವುನೊ

ಸೂರ್ಯ ಇನ್ನೂ ಗೋಡಂಬಿ ಮರಗಳ ಹಿಂದೆಯೇ ಇದ್ದಾನೆ. ಮ್ವೆಂಬೇನಿ ಹಳ್ಳಿಯ ನ್ಯೇವು ಅವರ ಅಂಗಳದಲ್ಲಿ ಸೈಕಲ್ ಗಂಟೆ ಕೇಳಿದ್ದೇ ತಡ, ಮಕ್ಕಳು ಎರಡೂ ಕೈಯಿಂದ ಮೂಗು ಮುಚ್ಚಿಕೊಂಡು ಚೆಲ್ಲಾಪಿಲ್ಲಿಯಾಗಿ ಓಡುತ್ತಾರೆ.

"ಮೂಗಿನಕ್ಕ ಬಂದ್ಲು! ಮೂಗಿನಕ್ಕ ಬಂದ್ಲು!"

ಮೂಗಿನಕ್ಕ ಅವಸರಪಡುವುದಿಲ್ಲ. ಸೈಕಲ್ಲನ್ನು ಮಾವಿನ ಮರಕ್ಕೆ ಒರಗಿಸಿ, ಹಿಂದೆ ಕಟ್ಟಿದ ಐಸ್ ಪೆಟ್ಟಿಗೆ ಬಿಚ್ಚಿ, ಕೈ ತೊಳೆದು, ಗಾಳಿಗೆ ಹೇಳುವಂತೆ ಹೇಳುತ್ತಾರೆ: "ಅಳದೆ ಹತ್ತು ಎಣಿಸಿದವ್ರೇ ಇವತ್ತು ಊರಿನ ಮುಖ್ಯಸ್ಥರು." ಎರಡು ನಿಮಿಷದಲ್ಲಿ ಸಾಲು ನಿಂತಿದೆ. ಮುಖ್ಯಸ್ಥರಾಗಬೇಕಾದವರು ಐದು ಮಂದಿ.

ಲುವುನೊ ಕಿತ್ಸಾವೊ ಅವರಿಗೆ ನಲವತ್ತೆರಡು ವರ್ಷ. ಕಿಲಿಫಿ ಕಡೆಯ ಒಂದು ಸಂಶೋಧನಾ ಕೇಂದ್ರಕ್ಕೆ ಒಂಬತ್ತು ವರ್ಷಗಳಿಂದ ಮೂಗಿನ ಮಾದರಿ ತಂದುಕೊಡುತ್ತಿದ್ದಾರೆ. ಶೀತಜ್ವರ ಮನೆಯೊಳಗೆ ಯಾರ ಜೊತೆ ಬರುತ್ತದೆ, ಯಾರಿಂದ ಯಾರಿಗೆ ದಾಟಿ ಎಳೆಗೂಸನ್ನು ಮುಟ್ಟುತ್ತದೆ ಎಂದು ಅಲ್ಲಿನ ವೈದ್ಯರು ಹುಡುಕುತ್ತಿದ್ದಾರೆ. ಅದಕ್ಕೆ ಹನ್ನೆರಡು ಮನೆ, ತೊಂಬತ್ತಾರು ಮೂಗು, ವಾರಕ್ಕೆ ಎರಡು ಸಲ. ಮೆತ್ತನೆಯ ತುದಿಯ ಕಡ್ಡಿಯನ್ನು ಮೂಗಿನೊಳಗೆ ತಿರುಗಿಸಿ, ಗುಲಾಬಿ ಬಣ್ಣದ ದ್ರಾವಣದ ಸೀಸೆಗೆ ಅದ್ದಿ, ಹೆಸರು ಅಂಟಿಸಿ, ಮಧ್ಯಾಹ್ನದೊಳಗೆ ತಲುಪಿಸಬೇಕು. ಮರಳು ದಾರಿಯಲ್ಲಿ ದಿನಕ್ಕೆ ಹದಿನೆಂಟು ಕಿಲೋಮೀಟರ್. ಎಂಟನೇ ತರಗತಿಗೆ ಶಾಲೆ ಬಿಟ್ಟವರು. ಮೊದಲು ರಸ್ತೆ ಬದಿಯಲ್ಲಿ ಮಹಂರಿ ಎಂಬ ಸಿಹಿ ಬನ್ಸ್ ಕರಿದು, ತೆಂಗಿನಹಾಲಿನಲ್ಲಿ ಬೇಯಿಸಿದ ತೊಗರಿಕಾಳಿನ ಜೊತೆ ಮಾರುತ್ತಿದ್ದರು. "ಯಾರ ಮನೆಗೆ ಎಷ್ಟು ಮಹಂರಿ ಹೋಗತ್ತೆ ಅಂತ ಗೊತ್ತಿದ್ರೆ ಅಲ್ಲಿ ಎಷ್ಟು ಮೂಗಿವೆ ಅಂತಾನೂ ಗೊತ್ತಿರತ್ತೆ. ಅದಕ್ಕೇ ನಂಗೆ ಕೆಲಸ ಕೊಟ್ಟಿದ್ದು" ಎಂದು ನಗುತ್ತಾರೆ.

ಹೋದ ಮಳೆಗಾಲದಲ್ಲಿ ಮಾತ್ರ ಈ ನಗು ಹದಿಮೂರು ದಿನ ಕಾಣೆಯಾಗಿತ್ತು.

ನ್ಯೇವು ಅವರ ಒಂದು ವರ್ಷದ ಮಗ ಚೆಂಗೊಗೆ ಎರಡು ತಿಂಗಳಲ್ಲಿ ಎರಡನೇ ಸಲ ಎದೆ ಕಟ್ಟಿತು. ಮನೆಯ ಉಳಿದ ಏಳು ಮೂಗುಗಳು ಎರಡು ಸಲವೂ ಸ್ವಚ್ಛ. ಸೋಂಕು ಆಕಾಶದಿಂದ ಉದುರುವುದಿಲ್ಲ. ಹಾಗಾದರೆ ಸೀಸೆಗಳು ಅದಲುಬದಲಾಗಿವೆ, ಇಲ್ಲವೇ ಲುವುನೊ ಮನೆಗೇ ಹೋಗದೆ ಮರದ ನೆರಳಲ್ಲಿ ಕೂತು ಸೀಸೆ ತುಂಬಿಸಿದ್ದಾರೆ ಎಂದು ಕೇಂದ್ರದವರು ಅನುಮಾನಿಸಿದರು. ಪತ್ರ ಬಂತು. ಹದಿನೈದು ದಿನದಲ್ಲಿ ಉತ್ತರ ಕೊಡಬೇಕು, ಇಲ್ಲದಿದ್ದರೆ ಕೆಲಸ ಬಿಡಬೇಕು.

"ಕೆಲಸ ಹೋದ್ರೆ ಮಹಂರಿ ಕರೀಬಹುದು. ಆದ್ರೆ ಸುಳ್ಳಿ ಅಂತ ಹೆಸರು ಬಂದ್ಮೇಲೆ ನನ್ನ ಮಹಂರಿ ಯಾರು ತಿಂತಾರೆ?"

ಪ್ರಶ್ನೆಪತ್ರವನ್ನು ಮತ್ತೆ ಮತ್ತೆ ಓದಿದರು. 'ಒಂದೇ ಮಡಕೆಯಲ್ಲಿ ಉಣ್ಣುವವರು ಯಾರು ಯಾರು?' ಎಂಟು ಹೆಸರು, ಸರಿಯಾಗಿತ್ತು. 'ಹೊರಗಿನವರು ಮಗುವನ್ನು ಎತ್ತಿಕೊಂಡರೇ?' ಇಲ್ಲ ಎಂದು ನ್ಯೇವು ಪ್ರತಿ ಸಲವೂ ಹೇಳಿದ್ದರು. ಈಗ ಮೊದಲನೆಯದಾದ ಆ ಮನೆ ಆಗ ಅವರ ಸುತ್ತಿನಲ್ಲಿ ಕೊನೆಯದು, ತಲುಪುವಾಗ ಹತ್ತು ಗಂಟೆಯಾಗುತ್ತಿತ್ತು. ಒಂದು ದಿನ ಏನೂ ತೋಚದೆ ಬೆಳಕು ಹರಿಯುವ ಮೊದಲೇ ಹೋಗಿ ನಿಂತರು. ನ್ಯೇವು ನೀರಿಗೆ ಹೊರಟಿದ್ದರು. ತಲೆಯ ಮೇಲೆ ಖಾಲಿ ಡಬ್ಬ, ಸೊಂಟದಲ್ಲಿ ಚೆಂಗೊ. ದಾರಿಯಲ್ಲಿ ಅತ್ತೆ ಜುಮ್ವಾ ಅವರ ಗುಡಿಸಲಿನ ಬಾಗಿಲಲ್ಲಿ ಮಗುವನ್ನು ಇಳಿಸಿ ಮುಂದೆ ನಡೆದರು. ಒಳಗಿನಿಂದ ಕೆಮ್ಮು ಕೇಳಿಸಿತು.

"ಅಜ್ಜಿ, ಈ ಕೆಮ್ಮು ಯಾವಾಗಿಂದ?"

"ಯಾವ ಕೆಮ್ಮು? ಒಲೆ ಹೊಗೆ ಅದು."

"ಒಲೆ ಇನ್ನೂ ಹಚ್ಚೇ ಇಲ್ವಲ್ಲ!"

"ನಿನ್ನೆದು ಉಳಿದಿತ್ತು."

ಜುಮ್ವಾ ಅಜ್ಜಿ ಪಟ್ಟಿಯಲ್ಲಿ ಇರಲಿಲ್ಲ. ವಿಧವೆಯಾದ ಅತ್ತೆ ಇಲ್ಲಿ ತನ್ನ ಮೂರು ಒಲೆಕಲ್ಲು ಬಿಡುವುದಿಲ್ಲ, ಬೇರೆಯೇ ಬೇಯಿಸಿಕೊಳ್ಳುತ್ತಾಳೆ. ಬಿಟ್ಟರೆ ಮಗನ ಮನೆಯಲ್ಲಿ ನೆಂಟಳಾದಂತೆ. "ಸೊಸೆ ಮಡಕೆಗೆ ಅತ್ತೆ ಹೆಸರು ಬರೆಯೋಕೆ ನಮ್ಮೋರ ಕೈ ಏಳಲ್ಲ. ಅದು ಅವಮಾನ. ಹಂಗಂತ ಅಜ್ಜಿ ಹೊರಗಿನೋರಾ? ನ್ಯೇವು ಹೇಳಿದ್ದೂ ನಿಜವೇ. ಒಳಗೂ ಇಲ್ಲ, ಹೊರಗೂ ಇಲ್ಲ ಅಂತ ಅಜ್ಜೀನ ಬಾಗಿಲಲ್ಲೇ ಬಿಟ್ಟಿದ್ದೆ. ತಪ್ಪು ನಂದೇ" ಎನ್ನುತ್ತಾರೆ ಲುವುನೊ. ಅಜ್ಜಿಯ ಹತ್ತಿರ ದಿನವೂ ಐದು ಮನೆಯ ಹೆಂಗಸರು ಬಂದು ಕೂತು, ಚಾವಣಿಗೆ ತೆಂಗಿನ ಗರಿ ಹೆಣೆಯುತ್ತಾರೆ. ಶೀತವೂ ಅವರ ಜೊತೆಯೇ ಬರುತ್ತದೆ.

ಕೆಮ್ಮನ್ನು ಮುಚ್ಚಿಟ್ಟಿದ್ದೇಕೆ? ನಾನು ಹೋಗಿ ಕೇಳಿದಾಗ ಜುಮ್ವಾ ಅಜ್ಜಿ ಗರಿ ಹೆಣೆಯುವುದನ್ನು ನಿಲ್ಲಿಸಲಿಲ್ಲ. "ಕಾಲಲ್ಲಿ ಇರುವೆ ಹರೀತವೆ ಅಂತ ಏಳು ವರ್ಷದಿಂದ ಹೇಳ್ತಿದೀನಿ. ರಕ್ತ ತಗೊಂಡ್ರು, ಫೋಟೋ ತೆಗೆದ್ರು, ಏನೂ ಇಲ್ಲ ಮುದುಕಿ, ಮನೆಗೆ ಹೋಗು ಅಂದ್ರು. ಇಲ್ಲದ ನೋವು ಹೇಳೋಳು ಅಂತಾಯ್ತು ನಂಗೆ. ಇನ್ನು ಇರೋ ಕೆಮ್ಮು ಹೇಳಿದ್ರೆ ಯಾರು ನಂಬ್ತಾರೆ? ನಂಬಿದ್ರೆ ಇನ್ನೂ ಕಷ್ಟ, ಮಗೂನ ಕಿತ್ಕೊಳ್ತಾರೆ!"

ಪಟ್ಟಿಯಲ್ಲಿಲ್ಲದವರ ಮೂಗು ಮುಟ್ಟುವಂತಿಲ್ಲ. ಲುವುನೊ ಫೋನ್ ಮಾಡಿದರು. ಪತ್ರ ಬರೆದಿದ್ದ ಮೇಲಧಿಕಾರಿ ಮ್ವಾರುವಾ ಅವರೇ ಇಸ್ತ್ರಿ ಅಂಗಿಯಲ್ಲಿ ಬಂದರು. ಪಟ್ಟಿಗೆ ಸೇರುವ ಒಪ್ಪಿಗೆ ಪತ್ರಕ್ಕೆ ಅಜ್ಜಿ ಹೆಬ್ಬೆಟ್ಟು ಒತ್ತುವ ಮೊದಲು ಒಂದು ಷರತ್ತು ಹಾಕಿದರು.

"ಮೊದ್ಲು ನಿನ್ ಮೂಗು, ಮಗನೇ."

"ಅಮ್ಮಾ, ನಾನು ಅಧಿಕಾರಿ..."

"ಅಧಿಕಾರಿಗೆ ಮೂಗಿಲ್ವಾ? ನಂಗಂತೂ ಕಾಣ್ತಿದೆ, ದೊಡ್ಡದಾಗೇ ಇದೆ."

ಊರ ಮಕ್ಕಳೆಲ್ಲ ಹತ್ತು ಎಣಿಸಿದರು. ಲುವುನೊ ಕಡ್ಡಿ ತಿರುಗಿಸಿದರು. ಅಧಿಕಾರಿ ಏಳಕ್ಕೇ ಸೀನಿದರು, ಕಣ್ಣಲ್ಲಿ ನೀರು. ಅಂದು ಅವರಿಗೆ ಮುಖ್ಯಸ್ಥರ ಪಟ್ಟ ಸಿಗಲಿಲ್ಲ.

ಹದಿಮೂರನೆಯ ದಿನ ಫಲಿತಾಂಶ ಬಂತು. ಅಜ್ಜಿಯ ಮೂಗಿನಲ್ಲಿ ಸಿಕ್ಕಿದ್ದೂ ಚೆಂಗೊ ಮೂಗಿನಲ್ಲಿ ಸಿಕ್ಕಿದ್ದೂ ಒಂದೇ ವೈರಸ್. ಪತ್ರ ವಾಪಸಾಯಿತು. ಮಗುವನ್ನು ಯಾರೂ ಕಿತ್ತುಕೊಳ್ಳಲಿಲ್ಲ. ಕೆಮ್ಮಿದ ದಿನ ಅಜ್ಜಿ ಕೈ ತೊಳೆದು, ಹೂವಿನ ಲೆಸೊ ಬಟ್ಟೆಯನ್ನು ಮೂಗಿಗೆ ಕಟ್ಟಿಕೊಂಡೇ ಎತ್ತಿಕೊಳ್ಳುತ್ತಾರೆ. "ಈಗ ನಾನು ಹೊಸ ಮದುಮಗಳ ಥರ ಕಾಣ್ತೀನಂತೆ" ಎಂದು ಅವರಿಗೇ ಖುಷಿ.

ಕೇಂದ್ರದ ಪ್ರಶ್ನೆಪತ್ರದಲ್ಲಿ ಈಗ ಹೊಸದೊಂದು ಸಾಲು ಸೇರಿದೆ: 'ತಾಯಿ ನೀರಿಗೆ ಹೋದಾಗ ಮಗು ಯಾರ ಮಡಿಲಲ್ಲಿರುತ್ತದೆ?' ಅದು ಲುವುನೊ ಅವರ ಮಾತು. ಅದರಡಿ ಅವರ ಹೆಸರೇನೂ ಇಲ್ಲ. ಹೆಸರು ಬೇಡವೇ ಎಂದರೆ ಬೇಡವೆಂದು ತಲೆಯಾಡಿಸುತ್ತಾರೆ. "ಆ ಪ್ರಶ್ನೆ ಕೇಳಿದಾಗ ಅಮ್ಮಂದಿರು ಯೋಚಿಸದೇ ಉತ್ತರ ಕೊಡ್ತಾರೆ. ಅಷ್ಟು ಸಾಕು."

ಆಸೆ ಮಾತ್ರ ಒಂದಿದೆ. ಪರೀಕ್ಷೆಯಲ್ಲಿ ಕಾಣದ ನೋವುಗಳ ಬಗ್ಗೆ ಕೇಂದ್ರದಲ್ಲಿ ಬೇರೆ ಅಧ್ಯಯನವೊಂದು ಶುರುವಾಗಲಿದೆಯಂತೆ. ಅದಕ್ಕೆ ಲುವುನೊ ಕೊಟ್ಟ ಮೊದಲ ಹೆಸರು ಜುಮ್ವಾ. ಐಸ್ ಪೆಟ್ಟಿಗೆ ಬಿಗಿದು, ಸೈಕಲ್ ಹತ್ತುತ್ತಾ ಅವರು ಹೇಳುತ್ತಾರೆ: "ನಾನು ಸುಳ್ಳಿ ಅಲ್ಲ ಅಂತ ಗೊತ್ತಾಗೋಕೆ ಹದಿಮೂರು ದಿನ ಆಯ್ತು. ಅಷ್ಟಕ್ಕೇ ನಂಗೆ ಊಟ ಸೇರಿರ್ಲಿಲ್ಲ. ಅಜ್ಜಿ ಏಳು ವರ್ಷದಿಂದ ಕಾಯ್ತಿದಾರೆ. ಅವರ ಇರುವೆಗಳನ್ನೂ ಯಾರಾದ್ರೂ ಕೂತು ಎಣಿಸಲಿ."