ಹಸಿರು ಬಳಿದ ಸೀಬೆಮರ

ಎಣ್ಣೆಬಣ್ಣದ ಡಬ್ಬಿಯ ಮುಚ್ಚಳ ತೆಗೆದಾಗ ಏಳುವ ಘಾಟು ಇವತ್ತಿಗೂ ನನಗೆ ಆಗದು. ಮೊನ್ನೆ ಬಾಶೆಟ್ಟಿಹಳ್ಳಿಯ ಅಂಗಡಿಗೆ ಗೇಟಿನ ಬಣ್ಣ ಕೊಳ್ಳಲು ಹೋದವಳು ಬರಿಗೈಲಿ ಬಂದುಬಿಟ್ಟೆ. ದೊಡ್ಡಬಳ್ಳಾಪುರದ ನಮ್ಮ ಹಳೆಯ ಮನೆ ಮೂಗಿಗೆ ಬಡಿದಿತ್ತು. ಅಲ್ಲಿ ಒಳಗೆ ಅಪ್ಪನ ಮಗ್ಗಗಳು, ಅಂಗಳದಲ್ಲಿ ಒಂದು ಸೀಬೆಮರ. ಅದರ ಸಿಪ್ಪೆ ಹಾಳೆಹಾಳೆಯಾಗಿ ಸುಲಿದು, ಅಡಿಯಲ್ಲಿ ಎಳೆಹಸಿರು, ತಾಮ್ರ, ಬೂದಿ, ಕೆನೆಬಣ್ಣ ಎಲ್ಲ ಒಟ್ಟಿಗೆ ಕಾಣುತ್ತಿದ್ದವು. ಸೀರೆಗಳಿಗೆ ಡಿಸೈನು ಬರೆಯುತ್ತಿದ್ದ ಚಿಕ್ಕಪ್ಪ ದಿನವೂ ಅದರೆದುರು ಕೂತು ಆ ಬಣ್ಣಗಳನ್ನು ಕಾಗದಕ್ಕೆ ಇಳಿಸುತ್ತಿದ್ದ. ಕೆನ್ನೆ ಒತ್ತಿದರೆ ಬೇಸಿಗೆಯಲ್ಲೂ ಮರ ತಣ್ಣಗಿರುತ್ತಿತ್ತು.

ಅಪ್ಪನ ತಂಗಿ, ನನ್ನ ಅತ್ತೆಯನ್ನು ನೋಡಲು ಗಂಡಿನ ಕಡೆಯವರು ಬರುವ ದಿನ ಬೆಳಗ್ಗೆ, ಚಿಕ್ಕಪ್ಪ ಕೆಲಸದ ಮೇಲೆ ಬೆಂಗಳೂರಿಗೆ ಹೋಗಿದ್ದಾಗ, ಅಪ್ಪನಿಗೆ ಆ ಮರ ಅಸಹ್ಯವಾಗಿ ಕಂಡಿತು. ಮಗ್ಗದ ಕಬ್ಬಿಣಕ್ಕೆ ಬಳಿದು ಉಳಿದಿದ್ದ ಹಸಿರು ಬಣ್ಣವನ್ನು ಬುಡದಿಂದ ಆಳೆತ್ತರಕ್ಕೆ ಬಳಿದ. ಒಂಬತ್ತು ವರ್ಷದ ನಾನೂ ಕುಣಿಯುತ್ತಾ ಬಳಿದೆ. ನೆಂಟರು ಬಂದು ಕಾಫಿ ಕುಡಿದು ಹೋದರು. ಸಂಜೆ ಚಿಕ್ಕಪ್ಪ ಬಂದ. "ಯಾರ್ ಪುಟ್ಟಿ ಇದನ್ನ ಮಾಡಿದ್ದು?" ಎಂದು ಕೇಳಿದ. ಹಸಿರಾದ ಕೈಗಳನ್ನು ಬೆನ್ನ ಹಿಂದಿಟ್ಟು "ಅಪ್ಪ" ಎಂದೆ. ನಾನೂ ಬಳಿದೆ ಎಂದಿದ್ದರೆ ಅವನ ಸಿಟ್ಟು ಇಳಿಯುತ್ತಿತ್ತೋ ಏನೋ.

ಚಿಕ್ಕಪ್ಪ ಕುಡುಗೋಲು ತಂದು ಬಣ್ಣ ಕೆರೆಯತೊಡಗಿದ. ಬಣ್ಣದ ಜೊತೆ ಹಸಿ ತೊಗಟೆಯೂ ಕಿತ್ತುಬಂತು. ಕೈಲಿದ್ದ, ನೂಲು ಹಾಯಿಸುವ ಲಾಳಿ ಸಮೇತ ಅಪ್ಪ ಮಗ್ಗದಿಂದೆದ್ದು ಬಂದ.

"ಬಿಡಲೇ! ತುರಿಕಜ್ಜಿ ಹಿಡ್ದಂಗಿತ್ತು, ಚೆಂದ ಮಾಡಿದ್ದೀನಿ."

"ನಿಂಗೆ ಕಣ್ಣಿಲ್ಲ ಕಣಣ್ಣ. ಜೀವ ಇರೋದಕ್ಕೆ ಕಬ್ಬಿಣದ ಬಣ್ಣ ಬಳಿದಿದ್ದೀಯಲ್ಲ!"

ಅಪ್ಪ ಅವನ ಕತ್ತು ಹಿಡಿದು ತಲೆಯನ್ನು ಮರಕ್ಕೆ ಗುದ್ದಿದ. ಚಿಕ್ಕಪ್ಪ ತಿರುಗಿದ ರಭಸಕ್ಕೆ ಕುಡುಗೋಲು ಅಪ್ಪನ ತೋಳು ಸೀಳಿತು. ರಕ್ತ ಕಂಡ ಅಪ್ಪ ಮನುಷ್ಯನಾಗಿ ಉಳಿಯಲಿಲ್ಲ. ತಮ್ಮನ ಬಲಗೈಯನ್ನು ಮರಕ್ಕೆ ಒತ್ತಿ ಹಿಡಿದು, ಲಾಳಿಯ ಕಬ್ಬಿಣದ ಮೂತಿಯಿಂದ ಜಜ್ಜಿದ, ಮತ್ತೆ ಮತ್ತೆ ಜಜ್ಜಿದ. ಮಗ್ಗಗಳ ಸದ್ದಿನ ನಡುವೆಯೂ ಮೂಳೆ ಮುರಿದದ್ದು ಕೇಳಿಸಿತು. ಅಮ್ಮ ಓಡಿ ಬಂದು ಬಿಡಿಸಿದಳು.

ಬೆರಳುಗಳು ಸೊಟ್ಟಗೆ ಕೂಡಿಕೊಂಡವು. ಆ ಕೈಯಲ್ಲಿ ಮತ್ತೆ ಕುಂಚ ನಿಲ್ಲಲಿಲ್ಲ. ಮಳೆಗಾಲ ಕಳೆಯುವಷ್ಟರಲ್ಲಿ, ಕುಡುಗೋಲು ತಾಗದ ಕಡೆ ಸಿಪ್ಪೆ ತಾನಾಗಿ ಸುರುಳಿಯಾಗಿ ಹಸಿರು ಬಣ್ಣದ ಸಮೇತ ಉದುರತೊಡಗಿತು. ಒಳಗಿನಿಂದ ಅದೇ ತಾಮ್ರ, ಅದೇ ಕೆನೆ.

"ಸುಮ್ನಿದ್ದಿದ್ರೆ ಅದೇ ಕಳಚ್ಕೊಳ್ತಿತ್ತು," ಎಂದ ಚಿಕ್ಕಪ್ಪ.

ಈಗ ಆ ಮನೆಯಿಲ್ಲ, ಮರವಿಲ್ಲ, ಅವರಿಬ್ಬರೂ ಇಲ್ಲ. ಅಪ್ಪ ಸಾಯುವವರೆಗೂ ತಮ್ಮನ ತಟ್ಟೆಯ ಮುದ್ದೆಯನ್ನು ತಾನೇ ಮುರಿದು, ತುತ್ತು ಮಾಡಿ ಸಾರಿನಲ್ಲಿಡುತ್ತಿದ್ದ. ಚಿಕ್ಕಪ್ಪ ಎಡಗೈಲಿ ಎತ್ತಿ ನುಂಗುತ್ತಿದ್ದ. ಅಣ್ಣನ ಮುಖ ಮಾತ್ರ ನೋಡುತ್ತಿರಲಿಲ್ಲ.